ನೀರನ್ನು ಅಳೆಯುವುದು ಗಾಳಿ

ದೀಪಾವಳಿ ಕಳೆದ ಮೂರನೆಯ ದಿನ, ಬೆಳಗಿನ ಏಳು ಗಂಟೆಗೇ ಲೊಕ್ಕನಹಳ್ಳಿಯಿಂದ ಅಕ್ಕನ ಫೋನು ಬಂತು. “ಮಿಸನ್ನು ಕೆಟ್ಟೋಗದ ಕನಪ್ಪ. ನೀರು ತಕ್ಕತಾನೇ ಅದ, ನಿಲ್ತಾನೇ ಇಲ್ಲ. ಹಿತ್ತಲೆಲ್ಲ ಕೆರೆ ಆಗೋಗದ.” ಹಬ್ಬಕ್ಕೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿಬಂದ ಆರು ಜನರ ಬಟ್ಟೆ, ಕಾಡುದಾರಿಯ ಕೆಂಪು ದೂಳು ಹಿಡಿದದ್ದು, ಯಂತ್ರದೊಳಗೆ ನೆನೆಯುತ್ತಿತ್ತು. ಮಾಳಿಗೆ ಮೇಲಿನ ಟ್ಯಾಂಕು ಅರ್ಧ ಬರಿದಾಗಿತ್ತು. ಪ್ಲಗ್ ಕಿತ್ತಿಡು, ನಲ್ಲಿ ನಿಲ್ಲಿಸು, ನಾನು ಬರುವ ತನಕ ಯಾರೂ ಮುಟ್ಟಬೇಡಿ ಎಂದು ಹೇಳಿ ಗಾಡಿ ಹತ್ತಿದೆ.

ನಾನು ಹನೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವವನು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರು ಸುಟ್ಟರೆ ಲೊಕ್ಕನಹಳ್ಳಿ, ಒಡೆಯರಪಾಳ್ಯ, ಅಜ್ಜೀಪುರದ ಕಡೆಯ ರೈತರು ನನ್ನ ಬಳಿ ತರುತ್ತಾರೆ. ಹಳೆ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು, ಬೇರಿಂಗ್ ಬದಲಿಸುವುದು, ಸ್ಟಾರ್ಟರ್ ಪೆಟ್ಟಿಗೆ ಸರಿಮಾಡುವುದು ನನ್ನ ಕಸುಬು. ಕೆಲವು ವರ್ಷಗಳಿಂದ ವಾಷಿಂಗ್ ಮಷೀನಿನ ಮೋಟಾರುಗಳೂ ಅಂಗಡಿಗೆ ಬರುತ್ತಿವೆ. ಮೊದಲು ಮೋಟಾರು ಮಾತ್ರ ನೋಡುತ್ತಿದ್ದೆ. ಆಮೇಲೆ ಪೂರ್ತಿ ಯಂತ್ರವನ್ನೇ ಬಿಚ್ಚಿ ನೋಡುವುದನ್ನು ಕಲಿತೆ. ಹಾಗೆ ಕಲಿಯುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ನೀರಿನ ಮಟ್ಟ ತಿಳಿಯುವ ಪುಟ್ಟ ಸೆನ್ಸರ್. ಅದರ ಬಗ್ಗೆ ಜನರಿಗೆ ಗೊತ್ತಿರುವುದು ತೀರಾ ಕಡಿಮೆ. ಅದರ ಹೆಸರು ಹೇಳಿಕೊಂಡು ಜನರ ಕೈಯಿಂದ ಹೋಗುವ ದುಡ್ಡು ತೀರಾ ಹೆಚ್ಚು.

ನಾನು ಹೋಗುವಷ್ಟರಲ್ಲಿ ಅಕ್ಕ ಇನ್ನೊಬ್ಬ ರಿಪೇರಿಯವರಿಗೂ ಫೋನು ಮಾಡಿದ್ದಳು. ಅವರು ಯಂತ್ರದ ಮುಖವನ್ನೂ ನೋಡದೆ, ಸೆನ್ಸರ್ ಹೋಗಿದೆ, ಬೋರ್ಡೂ ಹೋಗಿರಬಹುದು, ಎರಡಕ್ಕೂ ಸೇರಿ ಆರು ಸಾವಿರ ಆಗುತ್ತದೆ ಎಂದಿದ್ದರು. ಅಕ್ಕನಿಗೆ ಮಂಡಿ ನೋವು. ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಗೆಯಲಾಗದೆಂದೇ ನಾಲ್ಕು ವರ್ಷದ ಹಿಂದೆ ಈ ಯಂತ್ರ ತಂದದ್ದು. ಆರು ಸಾವಿರ ಎಂದರೆ ಅವಳ ಮನೆಯಲ್ಲಿ ಸಣ್ಣ ಮೊತ್ತವಲ್ಲ.

ಸೆನ್ಸರ್ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಸಾಮಾನ್ಯವಾಗಿ ಈ ಸೆನ್ಸರ್ ಇರುವುದಿಲ್ಲ. ನೀರು ಬಿಟ್ಟವರು ಕಣ್ಣಲ್ಲೇ ನೋಡಿ, ಸಾಕು ಎನಿಸಿದಾಗ ನಲ್ಲಿ ನಿಲ್ಲಿಸುತ್ತಾರೆ. ಪೂರ್ತಿ ಆಟೋಮ್ಯಾಟಿಕ್ ಯಂತ್ರಕ್ಕೆ ಆ ಕಣ್ಣಿನ ಕೆಲಸ ಮಾಡಲು ಬೇರೆ ಏನಾದರೂ ಬೇಕು. ಹಲವರು ಒಳಗೆ ನೀರು ಮುಟ್ಟಿ ನೋಡುವ ತಂತಿಯೋ, ತೇಲುವ ಬುರುಡೆಯೋ ಇರಬೇಕು ಎಂದುಕೊಂಡಿದ್ದಾರೆ. ಹೆಚ್ಚಿನ ಮನೆ ಯಂತ್ರಗಳಲ್ಲಿ ಅದ್ಯಾವುದೂ ಇಲ್ಲ. ಈ ಸೆನ್ಸರ್ ನೀರನ್ನು ಮುಟ್ಟುವುದೇ ಇಲ್ಲ.

ಒಂದು ಲೋಟವನ್ನು ಬೋರಲು ಹಾಕಿ ಬಕೆಟ್ ನೀರಿನಲ್ಲಿ ನೇರವಾಗಿ ಒತ್ತಿ ನೋಡಿ. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ನೀವು ಎಷ್ಟು ಆಳಕ್ಕೆ ಒತ್ತುತ್ತೀರೋ ಗಾಳಿ ಅಷ್ಟು ಬಿಗಿಯುತ್ತದೆ, ಕೈಯನ್ನು ಮೇಲಕ್ಕೆ ತಳ್ಳುತ್ತದೆ. ವಾಷಿಂಗ್ ಮಷೀನಿನ ತೊಟ್ಟಿಯ ತಳದಲ್ಲಿ ಇಂಥದೇ ಒಂದು ಗಾಳಿಗೂಡು ಇದೆ. ಅದರ ತುದಿಯಿಂದ ಬೆರಳಿಗಿಂತ ಸಣ್ಣ ರಬ್ಬರ್ ನಳಿಗೆಯೊಂದು ಮೇಲಕ್ಕೆ ಹೋಗಿ, ಬಟನ್‌ಗಳ ಹಿಂದೆ ಕೂತಿರುವ ಬಟ್ಟಲಿನಷ್ಟು ಅಗಲದ ಡಬ್ಬಿಗೆ ಸೇರುತ್ತದೆ. ಆ ಡಬ್ಬಿಯೇ ಸೆನ್ಸರ್. ತೊಟ್ಟಿಯಲ್ಲಿ ನೀರು ಏರಿದಂತೆ ಗೂಡಿನ ಗಾಳಿ ಬಿಗಿಯುತ್ತದೆ. ಆ ಬಿಗಿ ನಳಿಗೆಯ ಮೂಲಕ ಡಬ್ಬಿಯೊಳಗಿನ ತೆಳು ರಬ್ಬರ್ ಪೊರೆಯನ್ನು ಉಬ್ಬಿಸುತ್ತದೆ.

ಹಳೆಯ ಯಂತ್ರಗಳಲ್ಲಿ ಪೊರೆ ಉಬ್ಬಿದಾಗ ಒಳಗಿನ ಸ್ವಿಚ್ಚು ಟಿಕ್ ಎಂದು ಬೀಳುತ್ತದೆ, ನೀರು ನಿಲ್ಲುತ್ತದೆ. ಈಗಿನವುಗಳಲ್ಲಿ ಪೊರೆಯ ಬೆನ್ನಿಗೆ ಫೆರೈಟ್ ಎಂಬ ಕಪ್ಪು ಕಾಂತೀಯ ವಸ್ತುವಿನ ತುಂಡು ಅಂಟಿರುತ್ತದೆ. ಪೊರೆ ಉಬ್ಬಿದರೆ ಆ ತುಂಡು ತಾಮ್ರದ ಸುರುಳಿಯೊಳಕ್ಕೆ ಸರಿಯುತ್ತದೆ. ಆಗ ಸುರುಳಿಯ ಕಂಪನದ ಲೆಕ್ಕ ಬದಲಾಗುತ್ತದೆ. ತೊಟ್ಟಿ ಖಾಲಿ ಇದ್ದಾಗ ಸೆಕೆಂಡಿಗೆ ಸುಮಾರು 25,000 ಇದ್ದದ್ದು, ನೀರು ಏರಿದಂತೆ ಇಳಿಯುತ್ತಾ ಬರುತ್ತದೆ. ಬೋರ್ಡು ಓದುವುದು ಈ ಎಣಿಕೆಯನ್ನು. ತಾಮ್ರ ಸುತ್ತುವ ನನಗೆ ಇದನ್ನು ಮೊದಲ ಸಲ ಬಿಚ್ಚಿ ನೋಡಿದ ದಿನ ಎಷ್ಟು ಖುಷಿಯಾಯಿತೋ ಹೇಳಲಾರೆ. ಇಷ್ಟು ವರ್ಷ ನಾನು ಸುತ್ತಿದ್ದು ತಿರುಗಿಸುವ ಸುರುಳಿ, ಇದು ಅಳೆಯುವ ಸುರುಳಿ.

ಇಲ್ಲಿ ಕೆಲಸ ಮಾಡುವ ಒತ್ತಡ ಎಷ್ಟು ಸಣ್ಣದು ಎಂದು ತಿಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಒಂದು ಸೆಂಟಿಮೀಟರ್ ನೀರು ಕೊಡುವ ಒತ್ತಡ ಸುಮಾರು 98 ಪ್ಯಾಸ್ಕಲ್. ತೊಟ್ಟಿಯಲ್ಲಿ 30 ಸೆಂಟಿಮೀಟರ್ ನೀರಿದ್ದರೆ ಸುಮಾರು 3,000 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 1,01,325 ಪ್ಯಾಸ್ಕಲ್. ಅಂದರೆ ತೊಟ್ಟಿಯ ನೀರು ನಳಿಗೆಯ ಗಾಳಿಯನ್ನು ಬಿಗಿಗೊಳಿಸುವುದು ನೂರಕ್ಕೆ ಮೂರರಷ್ಟು ಮಾತ್ರ. ಇಷ್ಟು ನವಿರಾದ ಲೆಕ್ಕ ತಪ್ಪಲು ದೊಡ್ಡ ಕಾರಣ ಬೇಕಿಲ್ಲ. ನಳಿಗೆಯಲ್ಲಿ ಸೂಜಿಮೊನೆಯಷ್ಟು ತೂತು ಸಾಕು, ಒಂದು ಹನಿ ನೀರು ಸಾಕು, ಗೂಡಿನ ಬಾಯಲ್ಲಿ ಚಿಟಿಕೆ ಗಸಿ ಸಾಕು. ಸೆನ್ಸರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಸುದ್ದಿ ತಲುಪುವ ದಾರಿ ಕೆಟ್ಟಿರುತ್ತದೆ.

ಲೊಕ್ಕನಹಳ್ಳಿಗೆ ಹೋದ ಕೂಡಲೇ ನಾನು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಮೊದಲು ಒಂದು ಪರೀಕ್ಷೆ. ಬಟ್ಟೆ ತೆಗೆಸಿ, ನೀರು ಖಾಲಿ ಮಾಡಿ, ಮತ್ತೆ ಯಂತ್ರ ಚಾಲೂ ಮಾಡಿ, ನೀರು ತುಂಬುತ್ತಿರುವಾಗಲೇ ಒಣಗಿದ ಕೈಯಲ್ಲಿ ಪ್ಲಗ್ ಕಿತ್ತೆ. ನೀರು ತಕ್ಷಣ ನಿಂತಿತು. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಕರೆಂಟು ಇಲ್ಲದೆಯೂ ನೀರು ಹರಿಯುತ್ತಲೇ ಇದ್ದರೆ ತಪ್ಪು ಸೆನ್ಸರಿನದಲ್ಲ, ನೀರು ಒಳಗೆ ಬಿಡುವ ವಾಲ್ವ್‌ನದು. ಬೋರ್ ನೀರಿನ ಮರಳ ಕಣ ಸಿಕ್ಕಿಕೊಂಡು ವಾಲ್ವ್ ಮುಚ್ಚದೆ ಉಳಿಯುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಎರಡನೆಯದು, ತೊಟ್ಟಿಯಲ್ಲಿ ನಿಂತ ನೀರಿನ ಅಂಚಿಗೆ ಪೆನ್ನಿನಲ್ಲಿ ಗುರುತು ಹಾಕಿ ಕಾಲು ಗಂಟೆ ಬಿಟ್ಟೆವು. ನೀರು ಇಳಿಯಲಿಲ್ಲ. ಇಳಿದಿದ್ದರೆ ಕೆಳಗಿನ ಹೊರದಾರಿ ಸೋರುತ್ತಿದೆ ಎಂದರ್ಥ. ತಲೆಪಿನ್ನು, ಕಾಸು, ಅಂಗಿಯ ಗುಂಡಿ ಹೊರವಾಲ್ವಿನಲ್ಲಿ ಸಿಕ್ಕಿಕೊಂಡರೆ ನೀರು ಒಂದು ಕಡೆ ಬರುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ಪಂಪಿನಿಂದ ನೀರು ಹೊರಹಾಕುವ ಯಂತ್ರಗಳಲ್ಲಿ ಹೊರಪೈಪನ್ನು ಕೈಪಿಡಿ ಹೇಳಿದ ಎತ್ತರಕ್ಕೆ ಸಿಕ್ಕಿಸದೆ ನೆಲದ ಮೇಲೆ ಬಿಟ್ಟರೂ ಹೀಗೇ ಆಗುತ್ತದೆ. ನೋಡಿದವರಿಗೆ ಸೆನ್ಸರ್ ಕೆಟ್ಟಂತೆ ಕಾಣುತ್ತದೆ.

ಇನ್ನೂ ಒಂದು ಮಾತು. ನಮ್ಮ ಕಡೆ ತಗ್ಗು ಮಾಳಿಗೆಯ ಮೇಲೆ ಟ್ಯಾಂಕು ಇಟ್ಟು, ಅದರ ಕೆಳಗೇ ಯಂತ್ರ ಇಡುತ್ತಾರೆ. ಹಲವು ಯಂತ್ರಗಳು ಕೇಳುವ ಕನಿಷ್ಠ ಒತ್ತಡ ಮೂರರಿಂದ ಐದು ಮೀಟರ್ ಎತ್ತರದ ಟ್ಯಾಂಕಿನಷ್ಟು. ಅದು ಇಲ್ಲದಿದ್ದರೆ ನೀರು ನಿಧಾನಕ್ಕೆ ಬಂದು, ಹೊತ್ತು ಮೀರಿ, ಯಂತ್ರ ತಪ್ಪಿನ ಅಕ್ಷರ ತೋರಿಸಿ ನಿಲ್ಲುತ್ತದೆ. ಆ ಅಕ್ಷರಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಎಲ್‌ಜಿ ಯಂತ್ರದಲ್ಲಿ ಐಇ ಎಂದರೆ ನೀರು ಬರುತ್ತಿಲ್ಲ, ಪಿಇ ಎಂದರೆ ಮಟ್ಟದ ಸೆನ್ಸರಿನ ಓದು ಸರಿಯಿಲ್ಲ. ಸ್ಯಾಮ್‌ಸಂಗ್‌ನಲ್ಲಿ 4ಇ ಅಥವಾ 4ಸಿ ನೀರಿನ ಸರಬರಾಜಿನದು, 1ಇ ಅಥವಾ 1ಸಿ ಸೆನ್ಸರಿನದು. ಯಂತ್ರದ ಜೊತೆ ಬಂದ ಪುಸ್ತಕವನ್ನು ದಯವಿಟ್ಟು ಬಿಸಾಡಬೇಡಿ.

ಎರಡೂ ಪರೀಕ್ಷೆ ಮುಗಿದ ಮೇಲೆ ಅಕ್ಕನನ್ನು ಕೇಳಿದೆ, ಇದಕ್ಕೆ ಮೊದಲು ಏನಾದರೂ ಬದಲಾವಣೆ ಕಂಡಿತ್ತಾ ಎಂದು. “ಹದಿನೈದು ದಿನದಿಂದ ನೀರು ಒಂದು ಗೇಣು ಜಾಸ್ತಿನೇ ತಕ್ಕತಿತ್ತು. ಒಂದಪ ನೀರೆಲ್ಲ ಹೋದ್ರೂವೆ ಹಿಂಡ್ದೆ ಸುಮ್ಕೆ ನಿಂತ್ಕತ್ತು” ಎಂದಳು. ಅರ್ಧ ರೋಗ ಆ ಮಾತಿನಲ್ಲೇ ಗೊತ್ತಾಯಿತು. ಗೂಡಿನ ಬಾಯಿ ಅರೆ ಕಟ್ಟಿಕೊಂಡಾಗ ಎರಡು ಬಗೆಯ ಸುಳ್ಳು ಸುದ್ದಿ ಹೋಗುತ್ತದೆ. ನೀರು ಏರಿದರೂ ಗಾಳಿ ಬಿಗಿಯದಿದ್ದರೆ ತೊಟ್ಟಿ ಇನ್ನೂ ಖಾಲಿ ಎಂದು ಬೋರ್ಡು ತಿಳಿಯುತ್ತದೆ, ನೀರು ಬಿಡುತ್ತಲೇ ಇರುತ್ತದೆ. ನೀರು ಹೋದ ಮೇಲೂ ಬಿಗಿದ ಗಾಳಿ ಒಳಗೇ ಸಿಕ್ಕಿಕೊಂಡರೆ ತೊಟ್ಟಿ ಇನ್ನೂ ತುಂಬಿದೆ ಎಂದು ತಿಳಿದು ಹಿಂಡಲು ಒಪ್ಪುವುದಿಲ್ಲ. ಎರಡೂ ಒಂದೇ ಯಂತ್ರದಲ್ಲಿ ಕಂಡರೆ ನಾನು ಬೋರ್ಡಿನ ಮಾತೇ ಎತ್ತದೆ ನೇರ ನಳಿಗೆಗೆ ಹೋಗುತ್ತೇನೆ.

ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಿಂದಿನ ಸ್ಕ್ರೂಗಳನ್ನು ಬಿಚ್ಚಿದೆ. ಈ ಹತ್ತು ನಿಮಿಷ ಮುಖ್ಯ. ಮೋಟಾರಿನ ಕೆಪಾಸಿಟರ್ ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಶಕ್ತಿ ಹಿಡಿದಿಟ್ಟುಕೊಂಡಿರುತ್ತದೆ. ಅದರ ತುದಿಗಳನ್ನು ಮುಟ್ಟಲೇಬಾರದು. ಕೈ ಒಣಗಿರಬೇಕು, ಕಾಲಿಗೆ ಚಪ್ಪಲಿ ಇರಬೇಕು, ನೆಲ ಒದ್ದೆಯಿದ್ದರೆ ಒರೆಸಬೇಕು. ಅಕ್ಕನ ಮನೆಯಲ್ಲಿ ಯಂತ್ರದ ಪಾಯಿಂಟಿಗೆ ಅರ್ಥಿಂಗ್ ಸರಿಯಾಗಿ ಇದೆಯಾ ಎಂದು ಅವತ್ತೇ ನೋಡಿದೆ. ನೀರು, ಲೋಹದ ಪೆಟ್ಟಿಗೆ, ಕರೆಂಟು ಮೂರೂ ಸೇರುವ ಜಾಗದಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಉಳಿದ ಯಾವ ರಿಪೇರಿಗೂ ಬೆಲೆಯಿಲ್ಲ.

ಮೇಲಿನ ಮುಚ್ಚಳದ ಹಿಂಭಾಗ ಎತ್ತಿದಾಗ ಸೆನ್ಸರ್ ಕಂಡಿತು. ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮುಂಬಾಗಿಲಿನ ಯಂತ್ರದಲ್ಲಿ ಮೇಲಿನ ತಗಡು ತೆಗೆದರೆ ಒಂದು ಬದಿಯ ಗೋಡೆಗೆ ಅಂಟಿಕೊಂಡಿರುತ್ತದೆ. ವೈರಿನ ಕನೆಕ್ಟರ್ ಬಿಡಿಸಿ ನೋಡಿದೆ. ಒಗೆಯುವ ಜಾಗದ ತೇವಕ್ಕೆ ಅಲ್ಲಿ ಹಸಿರು ಕಿಲುಬು ಕಟ್ಟುವುದುಂಟು. ಇಲ್ಲಿ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ಸುರುಳಿ ಅಳೆದರೆ 22 ಓಮ್ ತೋರಿಸಿತು. ಈ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ. ಆದರೆ ಮುಳ್ಳು ಅಲುಗದೆ ಹೋದರೆ, ಅಂದರೆ ಸುರುಳಿ ಕಡಿದಿದ್ದರೆ, ಆಗ ಸೆನ್ಸರ್ ನಿಜವಾಗಿಯೂ ಹೋದಂತೆ. ಅಕ್ಕನದು ಹೋಗಿರಲಿಲ್ಲ.

ಆಮೇಲೆ ಕ್ಲಿಪ್ಪು ಸಡಿಲಿಸಿ ನಳಿಗೆಯ ಎರಡೂ ತುದಿ ಬಿಡಿಸಿ ಹೊರತೆಗೆದೆ. ಅದರ ಒಂದು ತುದಿಯನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದನ್ನು ಚೊಂಬಿನ ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಮೆಲ್ಲಗೆ ಊದಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆಯೇ. ಗುಳ್ಳೆ ಬರಲಿಲ್ಲ, ನಳಿಗೆ ಗಟ್ಟಿಯಿತ್ತು. ಇದಕ್ಕೆ ಮೊದಲು ಒಡೆಯರಪಾಳ್ಯದ ಟಿಬೆಟಿಯನ್ನರ ಕ್ಯಾಂಪಿನ ಒಂದು ಮನೆಯಲ್ಲಿ ಇದೇ ಪರೀಕ್ಷೆಗೆ ಗುಳ್ಳೆ ಸಾಲಾಗಿ ಬಂದಿತ್ತು. ಬೆಚ್ಚಗಿನ ಜಾಗ ಹುಡುಕಿ ಯಂತ್ರದಡಿ ಸೇರಿದ್ದ ಇಲಿ ನಳಿಗೆಯನ್ನು ಕಡಿದಿತ್ತು. ಅಲ್ಲಿ ಅದೇ ಅಳತೆಯ ಹೊಸ ನಳಿಗೆ ಹಾಕಿದ್ದೇ ರಿಪೇರಿ.

ಅಕ್ಕನ ಯಂತ್ರದಲ್ಲಿ ರೋಗ ಇದ್ದದ್ದು ತಳದ ಗಾಳಿಗೂಡಿನಲ್ಲಿ. ಟಾರ್ಚು ಹಾಕಿ ನೋಡಿದರೆ ಬಾಯಿ ಕಾಣಲೇ ಇಲ್ಲ. ಬೂದು ಬಣ್ಣದ, ಬೆಣ್ಣೆಯಂಥ ಗಸಿ, ಅದರ ಹಿಂದೆ ಸುಣ್ಣದಂತೆ ಬಿಳಿ ಪದರ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಸೀಮೆಯ ನೆಲ ಗಟ್ಟಿ ಬಂಡೆಯದು. ನೂರಾರು ಅಡಿ ಆಳದ ಬೋರ್ ನೀರು ಬಂಡೆಯ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿ ಚಕ್ಕೆ, ಬೇಯದೆ ಉಳಿಯುವ ತೊಗರಿಬೇಳೆ, ನೊರೆ ಬಾರದ ಸೋಪು ಎಲ್ಲವೂ ಅದರದೇ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು ಎಂದಿದೆ. ಗಡಸು ನೀರಿಗೆ ಸೋಪು ಬಿದ್ದರೆ ಕರಗದ ಗಸಿಯಾಗುತ್ತದೆ. ನೊರೆ ಬರಲಿಲ್ಲವೆಂದು ಇನ್ನೂ ಒಂದು ಹಿಡಿ ಪುಡಿ ಸುರಿಯುತ್ತೇವೆ. ಕರಗದೆ ಉಳಿದ ಪುಡಿಯೂ ಬಟ್ಟೆಯ ಜುಂಗೂ ಸೇರಿ ಯಂತ್ರದ ಅತ್ಯಂತ ಕಿರಿದಾದ ಮೂಲೆಯಲ್ಲಿ ಕೂರುತ್ತವೆ. ಆ ಮೂಲೆಯೇ ಗಾಳಿಗೂಡು.

ಬಿಸಿನೀರಿಗೆ ನಿಂಬೆ ಉಪ್ಪು ಕರಗಿಸಿ, ಗೂಡಿನ ಬಾಯಿಗೆ ಸಿರಿಂಜಿನಲ್ಲಿ ಮೆಲ್ಲಗೆ ಬಿಟ್ಟೆ. ಸುಣ್ಣದ ಪದರ ಬುರಬುರ ಎಂದು ಬಿಟ್ಟುಕೊಂಡಿತು. ಅರ್ಧ ಗಂಟೆ ಬಿಟ್ಟು ಬರೀ ಬಿಸಿನೀರು ಬಿಟ್ಟು ತೊಳೆದೆ. ತಂತಿಯಲ್ಲಿ ಕೆದಕಲಿಲ್ಲ, ಪ್ಲಾಸ್ಟಿಕ್ ಗೂಡು ತೂತಾದರೆ ಆ ಯಂತ್ರಕ್ಕೆ ಮತ್ತೆ ಸರಿಯಾದ ಮಟ್ಟ ಸಿಗುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ನಿಂಬೆ ಉಪ್ಪನ್ನಾಗಲಿ ವಿನಿಗರನ್ನಾಗಲಿ ಬ್ಲೀಚಿಂಗ್ ಪುಡಿ ಅಥವಾ ಬಟ್ಟೆಯ ಬ್ಲೀಚಿನ ಜೊತೆ ಎಂದೂ ಸೇರಿಸಬೇಡಿ, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ. ಹಾಗೆಯೇ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ನಳಿಗೆಗೆ ಗಾಳಿ ಹೊಡೆಯಬೇಡಿ. ಆ ಗಾಳಿಯ ಒತ್ತಡ ಈ ಪೊರೆ ತಡೆಯುವ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಸೆನ್ಸರ್ ಜೋಡಿಸಿರುವಾಗ ಬಾಯಲ್ಲಿ ಜೋರಾಗಿ ಊದಿದರೂ ಪೊರೆ ಹರಿಯಬಹುದು. ಚೆನ್ನಾಗಿದ್ದ ಸೆನ್ಸರನ್ನು ಹೀಗೆ ನಾವೇ ಕೊಂದು, ಆಮೇಲೆ ಸೆನ್ಸರ್ ಹೋಗಿತ್ತು ಎನ್ನುತ್ತೇವೆ.

ನಳಿಗೆ ಜೋಡಿಸಿ ಯಂತ್ರ ಬಿಟ್ಟೆವು. ನೀರು ನಿಂತಿತು. ಆದರೆ ಇರಬೇಕಾದ ಗೆರೆಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಭಾವನೇ ಅದನ್ನು ಹಿಡಿದದ್ದು. ಭಾವ ಗಾರೆ ಕೆಲಸದವರು. ಗೋಡೆಯ ಮಟ್ಟ ನೋಡಲು ಅವರ ಬಳಿ ಉದ್ದನೆಯ ಪಾರದರ್ಶಕ ಲೆವೆಲ್ ಪೈಪು ಸದಾ ಇರುತ್ತದೆ, ಅದರಲ್ಲಿ ನೀರು ತುಂಬಿಸಿ ಎರಡು ತುದಿ ಹಿಡಿದರೆ ಎರಡೂ ಕಡೆ ಒಂದೇ ಎತ್ತರ. “ನಮ್ಮ ಪೈಪಲ್ಲಿ ಒಂದು ಗಾಳಿಗುಳ್ಳೆ ಇದ್ರೆ ಮಟ್ಟ ಸುಳ್ಳೇಳ್ತದ. ನಿಮ್ಮದು ಗಾಳಿ ಪೈಪು ಅಲ್ವಾ? ಒಳಗ ನೀರಿದ್ದಾಗ ಸಿಗಸ್ಬುಟ್ಟಾ ನೋಡಪ್ಪ” ಎಂದರು.

ಅದೇ ಆಗಿತ್ತು. ಗೂಡು ತೊಳೆದ ನೀರು ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನಿಂತಿರುವಾಗಲೇ ನಾನು ನಳಿಗೆ ಜೋಡಿಸಿದ್ದೆ. ಆ ಗಳಿಗೆಯ ಗಾಳಿಯೇ ಸೆನ್ಸರಿಗೆ ಸೊನ್ನೆಯಾಯಿತು. ಅಲ್ಲಿಂದ ಮೇಲಕ್ಕೆ ಅದು ಲೆಕ್ಕ ಹಾಕಿತು. ಮತ್ತೆ ನೀರು ಪೂರ್ತಿ ಖಾಲಿ ಮಾಡಿ, ನಳಿಗೆಯನ್ನು ಒಮ್ಮೆ ಬಿಡಿಸಿ, ಒಳಗೆ ಹನಿಯೂ ಇಲ್ಲದಂತೆ ಕೊಡವಿ, ಎಲ್ಲೂ ಮಡಿಸದಂತೆ ಜೋಡಿಸಿದೆವು. ಈ ಸಲ ನೀರು ಗೆರೆಗೆ ಸರಿಯಾಗಿ ನಿಂತಿತು. ನಳಿಗೆ ಜೋಡಿಸುವಾಗ ತೊಟ್ಟಿ ಬರಿದಾಗಿರಬೇಕು ಎಂಬ ಈ ಒಂದು ವಿಷಯವನ್ನು ರಿಪೇರಿಯವರೂ ಎಷ್ಟೋ ಸಲ ಮರೆಯುತ್ತಾರೆ, ಆಮೇಲೆ ಹೊಸ ಸೆನ್ಸರೂ ಸರಿಯಿಲ್ಲ ಎಂದು ಬೋರ್ಡು ಬದಲಿಸುತ್ತಾರೆ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ದುಡ್ಡೊಂದೇ ಕಾರಣವಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಆವತ್ತು ಅಕ್ಕ ಗಮನಿಸುವಷ್ಟರಲ್ಲಿ ಹರಿದುಹೋದದ್ದು ಅರ್ಧ ಟ್ಯಾಂಕು, ಅಂದರೆ 250 ಲೀಟರ್. ನಾಲ್ಕು ಜನರ ಒಂದು ದಿನದ ಪಾಲಿಗಿಂತ ಹೆಚ್ಚು. ಬೇಸಿಗೆಯಲ್ಲಿ ಬೋರ್‌ಗಳು ಒಂದೊಂದಾಗಿ ನಿಲ್ಲುವುದನ್ನು, ಮೋಟಾರನ್ನು ಇನ್ನೂ ಆಳಕ್ಕೆ ಇಳಿಸಲು ರೈತರು ಪೈಪು ಕೊಳ್ಳುವುದನ್ನು ನಾನು ಅಂಗಡಿಯಲ್ಲಿ ಕೂತು ವರ್ಷವರ್ಷವೂ ನೋಡುತ್ತೇನೆ. ಚಿಟಿಕೆ ಗಸಿಗೆ ಅಷ್ಟು ನೀರು ಚರಂಡಿಗೆ ಹೋಗುವುದು ನನಗೆ ಸಹಿಸದು.

ಅಕ್ಕನಿಗೆ ಹೇಳಿಬಂದದ್ದು ಇಷ್ಟೇ. ಎರಡು ಮೂರು ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ನಿಂಬೆ ಉಪ್ಪು ಹಾಕಿದ ನೀರಲ್ಲಿ ಯಂತ್ರವನ್ನು ಒಂದು ಸುತ್ತು ಓಡಿಸು. ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಗೇ ಹಾಕು, ಮಗ್ಗಿನಲ್ಲಿ ಕರಗಿಸಿ ಹಾಕಿದರೆ ಇನ್ನೂ ಒಳ್ಳೆಯದು. ನೀರು ಒಳಬರುವ ಪೈಪಿನ ಜರಡಿಯನ್ನು ತಿಂಗಳಿಗೊಮ್ಮೆ ತೊಳೆ. ನೀರಿನ ಮಟ್ಟದಲ್ಲಿ ನಾಲ್ಕು ಬೆರಳು ಏರುಪೇರು ಕಂಡ ದಿನವೇ ಫೋನು ಮಾಡು, ಹದಿನೈದು ದಿನ ಕಾಯಬೇಡ.

ಓದುಗರಿಗೂ ಒಂದು ಮಾತು. ವಾರಂಟಿ ಇರುವ ಯಂತ್ರವನ್ನು ನೀವೇ ಬಿಚ್ಚಬೇಡಿ, ಕಂಪನಿಯವರನ್ನೇ ಕರೆಸಿ. ವಾರಂಟಿ ಮುಗಿದಿದ್ದು, ಕೈಗೆ ಈ ಕೆಲಸ ಒಗ್ಗದಿದ್ದರೆ ಬಲ್ಲವರನ್ನು ಕರೆಯಿರಿ. ಆದರೆ ಬಂದವರಿಗೆ ಎರಡು ವಿಷಯ ಹೇಳಿ: ಬೋರ್ಡಿನ ಮಾತಿಗೆ ಮೊದಲು ನಳಿಗೆಯನ್ನೂ ಗಾಳಿಗೂಡನ್ನೂ ನನ್ನ ಮುಂದೆ ಬಿಚ್ಚಿ ತೋರಿಸಿ, ಬದಲಿಸಿದರೆ ಹಳೆಯ ಸಾಮಾನು ನನ್ನ ಕೈಗೆ ಕೊಡಿ. ಅನ್ಯಾಯವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೇ ಮಾತಾಡಬಹುದು.

ಅವತ್ತು ಸಂಜೆ ಆರು ಜನರ ಬಟ್ಟೆಯೂ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಖರ್ಚಾದದ್ದು ಒಂದು ಪೊಟ್ಟಣ ನಿಂಬೆ ಉಪ್ಪು. ಅಕ್ಕನ ಮನೆಯ ಯಂತ್ರ ಈಗಲೂ ಅದೇ ಸೆನ್ಸರ್, ಅದೇ ಬೋರ್ಡು, ಅದೇ ನಳಿಗೆಯಲ್ಲಿ ಓಡುತ್ತಿದೆ.